ಮೇಕೆಗೆ ದನಿ ಕೊಟ್ಟ ಡಾಕ್ಟರು

ಹೋದ ತಿಂಗಳು ಕೊಬ್ಬರಿ ಹಾಕಲು ತಿಪಟೂರಿಗೆ ಹೋಗಿದ್ದೆ. ಮಾರುಕಟ್ಟೆಯ ಗೇಟಿನ ಹತ್ತಿರ ಪರಿಚಯದವರೊಬ್ಬರು ತಡೆದು ನಿಲ್ಲಿಸಿ, "ನಿಮ್ ದನದ ಡಾಕ್ಟ್ರು ಹೋಗ್ಬುಟ್ರಂತೆ ಕಣ್ರೀ, ಚಿಕ್ಕನಾಯಕನಹಳ್ಳೀಲಿ. ತಿಥೀನೂ ಆಯ್ತಂತೆ" ಎಂದರು. ಚೀಲ ಇಳಿಸುವವನಿಗೆ ಏನೋ ಹೇಳುತ್ತಿದ್ದ ನನಗೆ ಮಾತು ಅಲ್ಲಿಗೇ ನಿಂತುಹೋಯಿತು. ಯಾವ ಡಾಕ್ಟರೆಂದು ನನಗೆ ಗುರುತು ಹತ್ತಲಿಲ್ಲವೆಂದುಕೊಂಡು ಆತ ಸ್ವಲ್ಪ ನಕ್ಕು, "ಅದೇ ಕಣ್ರೀ, ಸಿನಿಮಾದಾಗೆ ಮೇಕೆ ತರ ಮಾತಾಡಿದ್ರಲ್ಲ, ಅವ್ರು" ಎಂದು ಸೇರಿಸಿದರು.

ಈ ಸೀಮೆಯಲ್ಲಿ ಎಷ್ಟೋ ಹಸುಗಳ ಹೊಟ್ಟೆಯಲ್ಲಿ ಅಡ್ಡ ತಿರುಗಿದ್ದ ಕರುಗಳನ್ನು ಭುಜದವರೆಗೆ ಕೈಹಾಕಿ ಜೀವಂತ ಎಳೆದುಕೊಟ್ಟವರು ಅವರು. ಕಾಲುಬಾಯಿ ಜ್ವರ ಬಂದ ವರ್ಷ ಮನೆಗೆ ಹೋಗದೆ ಹಳ್ಳಿ ಹಳ್ಳಿ ತಿರುಗಿದವರು. ಜನರಿಗೆ ನೆನಪಿರುವುದು ಮಾತ್ರ ಮೇಕೆ. ಅವರೇ ಅಲ್ಲಿದ್ದು ಈ ಮಾತು ಕೇಳಿಸಿಕೊಂಡಿದ್ದರೆ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿಕೊಂಡು, ಮತ್ತೆ ಹಾಕಿಕೊಂಡು, ಬೇರೆ ಕಡೆ ನೋಡುತ್ತಿದ್ದರು. ನಾಚಿಕೆಯಾದಾಗ ಅವರು ಮಾಡುತ್ತಿದ್ದದ್ದು ಅಷ್ಟೇ.

ನಾನು ಆಗ ತಿಪಟೂರಿನ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಅವರು ಡಾಕ್ಟರಾಗಿ ಬಂದಾಗ ನನಗೆ ಮದುವೆಯಾಗಿ ಒಂದು ಮಗುವಿತ್ತು. ವಯಸ್ಸಿನಲ್ಲಿ ಇಬ್ಬರಿಗೂ ಹೆಚ್ಚು ಅಂತರವಿರಲಿಲ್ಲ. ಎತ್ತರದ ಆಳು, ಮೂಳೆ ಚಕ್ಕಳದ ಮೈ. ತೋಳು ಯಾವಾಗಲೂ ಮೊಣಕೈಯಿಂದ ಮೇಲಕ್ಕೆ ಮಡಿಚಿರುತ್ತಿತ್ತು. ಮದುವೆಯ ಊಟಕ್ಕೆ ಕೂತರೂ ಹಾಗೇ. ಆ ದೇಹಕ್ಕೆ ತಕ್ಕ ದನಿ ಮಾತ್ರ ಇರಲಿಲ್ಲ. ಪಕ್ಕದಲ್ಲಿ ನಿಂತವರಿಗೂ ಅರ್ಧ ಕೇಳಿಸಿದರೆ ಹೆಚ್ಚು. ಮೇಲಧಿಕಾರಿಗಳು ತಪಾಸಣೆಗೆ ಬಂದರೆ "ನೀವೇ ಹೇಳಿಬಿಡಿ ಕಾಂಪೌಂಡ್ರೇ" ಎಂದು ನನ್ನನ್ನು ಮುಂದಕ್ಕೆ ತಳ್ಳಿ ತಾವು ಔಷಧದ ಬೀರುವಿನ ಹಿಂದೆ ಏನೋ ಹುಡುಕುತ್ತಿದ್ದರು. ಬಸ್ಸಿನಲ್ಲಿ ಯಾರಾದರೂ ಅವರ ಸೀಟಿನಲ್ಲಿ ಕೂತರೆ ನಿಂತೇ ಹೋಗುತ್ತಿದ್ದರು.

ಎದುರಿಗೆ ಒಂದು ಪ್ರಾಣಿ ಬಂದು ನಿಂತಿತೋ, ಆ ಮನುಷ್ಯನೇ ಬೇರೆ.

ಒಂದು ಸಲ ಅರಳಗುಪ್ಪೆಯ ಗೌಡರೊಬ್ಬರು ಎತ್ತು ಹೊಡೆದುಕೊಂಡು ಬಂದರು. ಮೇವು ಬಿಟ್ಟಿದೆ, ಏನೋ ಗಾಳಿ ಸೋಕಿರಬೇಕು ಎಂದರು. ಎತ್ತಿನ ಹೆಗಲು ನೊಗ ಉಜ್ಜಿ ಉಜ್ಜಿ ಕೆಂಪಗೆ ಕಿತ್ತುಹೋಗಿತ್ತು. ಡಾಕ್ಟರು ಅದನ್ನು ನೋಡಿದರು, ಗೌಡರನ್ನು ನೋಡಿದರು. ಆಮೇಲೆ ಎತ್ತಿನ ಮೂತಿಯ ಹತ್ತಿರ ಕಿವಿಯಿಟ್ಟು ಸ್ವಲ್ಪ ಹೊತ್ತು ಕೇಳಿಸಿಕೊಂಡವರಂತೆ ನಿಂತು, ಇದ್ದಕ್ಕಿದ್ದ ಹಾಗೆ ಗೌಡರದೇ ಗಡಸು ದನಿಯಲ್ಲಿ, ಗೌಡರ ಹಾಗೆಯೇ ಮಾತಿಗೊಮ್ಮೆ ಗಂಟಲು ಕೆರೆಯುತ್ತಾ ಶುರುಮಾಡಿದರು: "ಏನ್ ಯೋಳ್ಲಿ ಡಾಕ್ಟ್ರೆ, ನಮ್ ಯಜಮಾನ ಭಾಳ ಒಳ್ಳೇನು. ಮಗಳ ಮದ್ವೆ ಅಂತ ಮೂರೂರಿನ ಮಣ್ಣು ನನ್ ಕೈಲೇ ಹೊಡಿಸ್ದ. ಹೆಗಲು ಹೋದ್ರೆ ಹೋಗ್ಲಿ, ಗಾಳಿ ಸೋಕೈತೆ ಅಂತ ದೇವ್ರಿಗೆ ಕಾಯಿ ಬ್ಯಾರೆ ಒಡ್ಸವ್ನೆ!"

ಸುತ್ತ ನಿಂತವರೆಲ್ಲ ಬಿದ್ದು ಬಿದ್ದು ನಕ್ಕರು. ಗೌಡರೂ ನಕ್ಕರು. ನಕ್ಕು ಮುಗಿದ ಮೇಲೆ ಎತ್ತಿನ ಹೆಗಲ ಮೇಲೆ ಮೆಲ್ಲಗೆ ಕೈಯಾಡಿಸಿ, "ಒಂದ್ ತಿಂಗ್ಳು ಗಾಡಿ ಕಟ್ಟಲ್ಲ ಬುಡಿ" ಎಂದರು.

ಆಮೇಲೆ ನಾನು ಕೇಳಿದೆ, ನೇರವಾಗಿ ಬೈಯಬಾರದಾ ಸಾರ್ ಎಂದು. ಅವರು ಹೇಳಿದ್ದು ಇಷ್ಟು: "ನಾನು ಬೈದ್ರೆ ಮುಂದಿನ ಸಲ ಎತ್ತು ಕರ್ಕೊಂಡು ಬರೋದೇ ಇಲ್ಲ ಕಾಂಪೌಂಡ್ರೇ. ಎತ್ತೇ ಬೈದ್ರೆ ಯಾರಿಗೂ ಕೋಪ ಬರಲ್ಲ."

ಮನೆಯಲ್ಲೂ ಹಾಗೇ ಇದ್ದರಂತೆ. "ಸಾರಿಗೆ ಉಪ್ಪು ಸಾಲ್ದು ಅಂತ ಹೇಳೋಕೂ ಇವ್ರಿಗೆ ಬೆಕ್ಕು ಬೇಕು ಕಣ್ರೀ" ಎಂದು ಅವರ ಹೆಂಡತಿ ನಗುತ್ತಿದ್ದರು. ದನ ತಂದವರು ಕೆಲಸ ಮುಗಿದರೂ ಹೊಂಗೆ ಮರದ ನೆರಳಲ್ಲಿ ಕೂತಿರುತ್ತಿದ್ದರು, ಮುಂದಿನವರ ಎಮ್ಮೆ ಏನು ಹೇಳುತ್ತದೋ ಕೇಳಿಕೊಂಡು ಹೋಗೋಣವೆಂದು.

ಹಾಗೆ ಕೂತಿರುತ್ತಿದ್ದವರಲ್ಲಿ ಬಿಳಿಗೆರೆಯ ಪುಟ್ಟಮ್ಮಜ್ಜಿ ಒಬ್ಬಳು. ತಮ್ಮನ ಮನೆಯಲ್ಲಿದ್ದುಕೊಂಡು ನಾಲ್ಕಾರು ಮೇಕೆ ಸಾಕಿಕೊಂಡಿದ್ದಳು. ಹಿಂದೊಮ್ಮೆ ಲಕ್ವ ಹೊಡೆದು ಬಾಯಿ ಎಡಗಡೆಗೆ ವಾಲಿತ್ತು. ಕೈಕಾಲು ಸರಿಹೋದವು, ಬಾಯಿ ಸರಿಹೋಗಲಿಲ್ಲ. ಬ ಅನ್ನುವ ಅಕ್ಷರವೆಲ್ಲ ವ ಆಗುತ್ತಿತ್ತು. "ಬುಡು ಬುಡು" ಎನ್ನುವುದು ಅವಳ ಬಾಯಲ್ಲಿ "ವುಡು ವುಡು." ಅದು ಅವಳಿಗೆ ಮಾತಿಗೊಮ್ಮೆ ಬರುತ್ತಿದ್ದ ಪದ. ಆದರೂ ಅಂಥ ಮಾತುಗಾತಿ ಆಸ್ಪತ್ರೆಗೆ ಬೇರೊಬ್ಬಳು ಬರುತ್ತಿರಲಿಲ್ಲ. ವಾಲಿದ ಬಾಯನ್ನು ಪೂರ್ತಿ ತೆರೆದು, ಇದ್ದ ಹಲ್ಲನ್ನೆಲ್ಲ ತೋರಿಸಿ ನಗುತ್ತಿದ್ದಳು.

ಅವಳ ಹತ್ತಿರ ಹಣೆಯ ಮೇಲೆ ಬಿಳಿ ಚುಕ್ಕೆಯಿದ್ದ ಒಂದು ಕಪ್ಪು ಮೇಕೆಯಿತ್ತು. ಕರಿಯಮ್ಮ ಎಂದು ಹೆಸರು. ಡಾಕ್ಟರು ಅದರ ಬಾಯಲ್ಲಿ ಪುಟ್ಟಮ್ಮಜ್ಜಿಯ ಮಾತನ್ನೇ ಆಡಿಸುತ್ತಿದ್ದರು. "ಅಲ್ಲ ಕಣಪ್ಪ ಡಾಕ್ಟ್ರೆ, ಈ ಮುದುಕಿ ನಂಗೆ ವರೀ ಮುಳ್ಳು ಹಾಕ್ತಾಳೆ. ಹಲಸಿನ ಸೊಪ್ಪು ಎಲ್ಲೇ ಅಂದ್ರೆ, ವುಡು ವುಡು ನಾಳಿಕ್ಕೆ ಅಂತಾಳೆ!" ಅಜ್ಜಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕು, "ಇನ್ನೊಂದ್ ಸಲ ಮಾತಾಡ್ಸಪ್ಪ. ನಮ್ ಕರಿಯಮ್ಮ ಎಷ್ಟ್ ಚೆಂದಾಗಿ ಮಾತಾಡ್ತಾಳೆ!" ಎನ್ನುತ್ತಿದ್ದಳು. ಆಸ್ಪತ್ರೆಯ ಆ ಜಗುಲಿಯಲ್ಲಿ ಅದರಿಂದ ಯಾರಿಗೂ ನೋವಾದದ್ದನ್ನು ನಾನು ಕಾಣಲಿಲ್ಲ.

ಎಂಬತ್ತರ ದಶಕದ ಶುರುವಿನಲ್ಲಿ ಬಿಳಿಗೆರೆ ಕಡೆಯ ತೋಟಗಳಿಗೆ ಸಿನಿಮಾದವರು ಬಂದರು. ಮನೆಮಂದಿಯೆಲ್ಲ ಕೂತು ನೋಡುವ ನಗೆಚಿತ್ರವಂತೆ. ಕತೆ ಹೀಗೆ: ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬ ಮೊಮ್ಮಕ್ಕಳ ಜೊತೆ ತೋಟದ ಮನೆಯಲ್ಲಿರುತ್ತಾನೆ. ಆ ಮನೆಯ ನಾಯಿ, ಹೋರಿ, ಹುಂಜ, ಮೇಕೆ ನಾಲ್ಕೂ ಗೂಢಚಾರರು. ಕೊಬ್ಬರಿ ಚೀಲದಲ್ಲಿ ಕಳ್ಳ ವಾಚು ತುಂಬಿ ಸಾಗಿಸುವ ಖದೀಮರನ್ನು ಅವು ಮಾತಾಡಿಕೊಂಡು ಪತ್ತೆ ಹಚ್ಚುತ್ತವೆ. ಮೇಕೆಯ ಪಾತ್ರಕ್ಕೆ ಅವರು ಆರಿಸಿದ್ದು ಪುಟ್ಟಮ್ಮಜ್ಜಿಯ ಕರಿಯಮ್ಮನನ್ನು. ಹಣೆಯ ಚುಕ್ಕೆ ಕ್ಯಾಮೆರಾಕ್ಕೆ ಚೆನ್ನಾಗಿ ಕಾಣುತ್ತದೆಂದರು. ಅಜ್ಜಿ ದಿನಾ ಅದರ ಮೈ ತೊಳೆದು, ಕೊಂಬಿಗೆ ಎಣ್ಣೆ ಹಚ್ಚಿ, ತಾನೂ ತೊಳೆದ ಸೀರೆಯುಟ್ಟು ತೋಟಕ್ಕೆ ಹೋಗುತ್ತಿದ್ದಳು.

ಪ್ರಾಣಿಗಳು ಮಾತಾಡಿದಂತೆ ಕಾಣಬೇಕಾದರೆ ಬಾಯಿ ಅಲ್ಲಾಡಬೇಕಲ್ಲ. ಅದಕ್ಕೆ ಅವರು ಮೇಕೆಗೆ ಬೆಲ್ಲ, ನೆನೆಸಿದ ಅಕ್ಕಿ ತಿನ್ನಿಸಿದರು, ತಿನ್ನಿಸುತ್ತಲೇ ಇದ್ದರು. ಕೊನೆಗೆ ಹೊಟ್ಟೆ ಉಬ್ಬರಿಸಿ ಕರಿಯಮ್ಮ ಕಾಲು ಚಾಚಿ ಮಲಗಿತು. ನಮಗೆ ಕರೆ ಬಂತು. ಡಾಕ್ಟರು, ನಾನು ಇಬ್ಬರೂ ಓಡಿದೆವು. ಬಿದಿರಿನ ಗೊಟ್ಟದಲ್ಲಿ ಎಣ್ಣೆ ಕುಡಿಸಿ, ಹೊಟ್ಟೆ ನೀವಿ, ತುಂಬ ಹೊತ್ತು ಪಾಡುಪಟ್ಟ ಮೇಲೆ ಗಾಳಿ ಹೋಗಿ ಮೇಕೆ ಎದ್ದು ನಿಂತಿತು. ಸಿನಿಮಾದವರೆಲ್ಲ ಸುತ್ತ ನಿಂತಿದ್ದರು. ಮೇಕೆ ಉಳಿದ ಸಂತೋಷಕ್ಕೋ ಏನೋ, ಡಾಕ್ಟರು ಎಂದಿನಂತೆ ಅದರ ಮೂತಿಗೆ ಕಿವಿಯಿಟ್ಟರು. "ಅಲ್ಲ ಕಣ್ರಪ್ಪ, ವೆಲ್ಲ ತಿಂದು ಸಾಯಕ್ಕೆ ನಾನೇನ್ ಸಕ್ಕರೆ ಕಾಯ್ಲೆಯೋಳಾ? ಸಾಕು, ವುಡು ವುಡು!"

ತೋಟ ತೋಟವೇ ನಕ್ಕಿತು. ಪುಟ್ಟಮ್ಮಜ್ಜಿಯೂ ನಕ್ಕಳು. ನಿರ್ದೇಶಕರು ಮಾತ್ರ ನಗಲಿಲ್ಲ. ಹತ್ತಿರ ಬಂದು ಡಾಕ್ಟರ ಹೆಗಲ ಮೇಲೆ ಕೈಯಿಟ್ಟು, "ಸ್ವಾಮಿ, ಈ ದನಿ ನನಗೆ ಬೇಕು. ಮದರಾಸಿಗೆ ಬರ್ತೀರಾ?" ಎಂದರು.

ಹುಟ್ಟಿದಂದಿನಿಂದ ಆ ದನಿಯನ್ನು ಯಾರಾದರೂ ಬೇಕು ಎಂದದ್ದು ಅದೇ ಮೊದಲಿರಬೇಕು. ಡಾಕ್ಟರು ರಜೆ ಹಾಕಿ ಮದರಾಸಿಗೆ ಹೋದರು. ಬಂದವರು ಒಂದು ವಾರ ಬೇರೆಯೇ ಮನುಷ್ಯ. ಗಾಜಿನ ಕೋಣೆ, ಕಿವಿಗೆ ಹಾಕುವ ಯಂತ್ರ, ತಮ್ಮ ಮಾತಿಗೆ ಗಾಜಿನಾಚೆ ಕೂತವರು ಹೊಟ್ಟೆ ಹಿಡಿದುಕೊಂಡು ನಕ್ಕದ್ದು, ಎಲ್ಲವನ್ನೂ ಹೇಳಿದರು. ತಮ್ಮ ಸ್ವಂತ ದನಿಯಲ್ಲಿ, ಆಚೆ ಬೀದಿಯವರಿಗೂ ಕೇಳುವ ಹಾಗೆ ಹೇಳಿದರು. "ಮಾತೆಲ್ಲ ಅವರೇ ಬರೆದು ಕೊಟ್ಟಿದ್ರು. ಅಷ್ಟೇನೂ ಚೆನ್ನಾಗಿರಲಿಲ್ಲ. ಆದ್ರೆ ಆ ವುಡು ವುಡು ಇದೆಯಲ್ಲ, ಅದೇ ಬೇಕು ಅಂತ ಎಲ್ಲಾ ಕಡೆ ಸೇರಿಸಿಕೊಂಡ್ರು ಕಾಂಪೌಂಡ್ರೇ."

ಸಿನಿಮಾ ತಿಪಟೂರಿಗೆ ಬಂದಾಗ ಡಾಕ್ಟರೇ ಟಿಕೆಟ್ ತೆಗೆಸಿದರು. ಆಸ್ಪತ್ರೆಯವರು, ನಮ್ಮ ಮನೆಯವರು, ಪುಟ್ಟಮ್ಮಜ್ಜಿ, ಅವಳ ತಮ್ಮನ ಸಂಸಾರ, ಎಲ್ಲರಿಗೂ. ಭಾನುವಾರದ ಮ್ಯಾಟಿನಿ. ಅಜ್ಜಿಯನ್ನು ಹೆಂಗಸರ ಕಡೆ ತಮ್ಮ ಹೆಂಡತಿಯ ಪಕ್ಕ ಕೂರಿಸಿ ಬಂದರು. ಅಜ್ಜಿ ಹೂ ಮುಡಿದಿದ್ದಳು. ತನ್ನ ಮೇಕೆ ಪರದೆಯ ಮೇಲೆ ಬರುತ್ತದೆಂದು ಅಕ್ಕಪಕ್ಕದವರಿಗೆಲ್ಲ ಹೇಳುತ್ತಿದ್ದಳು.

ಸಿನಿಮಾ ಕೆಟ್ಟದಾಗಿತ್ತು. ಎಷ್ಟು ಕೆಟ್ಟದಾಗಿತ್ತೆಂದರೆ, ಶುರುವಾದ ಸ್ವಲ್ಪ ಹೊತ್ತಿಗೇ ಜನ ಬೀಡಿ ಹಚ್ಚಿ ತಮ್ಮತಮ್ಮ ಮಾತಿಗೆ ಕೂತರು. ಹೋರಿ ಮಾತಾಡುವಾಗ ಬಾಯಿ ಅಲ್ಲಾಡುತ್ತಿರಲಿಲ್ಲ, ಮಾತು ಮುಗಿದ ಮೇಲೆ ಅಲ್ಲಾಡುತ್ತಿತ್ತು. ನಮ್ಮ ಹಿಂದಿನ ಸಾಲಿನಲ್ಲಿ ಮಗುವೊಂದು, "ಅಪ್ಪಾ, ನಾಯಿ ಬಾಯ್ ಮುಚ್ಕಂಡೇ ಮಾತಾಡ್ತೈತಲ್ಲ" ಎಂದು ಕೇಳಿದಾಗ, ಅಪ್ಪ "ಮಲಿಕ್ಕಳಲಾ ಸುಮ್ಕೆ" ಎಂದ. ಖದೀಮರು ಹಸಿ ತೆಂಗಿನಕಾಯಿ ಒಡೆದು ಚೀಲಕ್ಕೆ ತುಂಬುತ್ತಾ ಕೊಬ್ಬರಿ ಕೊಬ್ಬರಿ ಎಂದಾಗ ಗಾಂಧಿ ಕ್ಲಾಸಿನಿಂದ ಒಬ್ಬ, "ಲೇ, ಕೊಬ್ರಿ ಹೆಂಗ್ ಒಣಗ್ತದೆ ಅಂತ ಮೊದ್ಲು ನಮ್ ಅಟ್ಟ ಹತ್ತಿ ನೋಡ್ಕಂಬಾರ್ಲಾ!" ಎಂದು ಕೂಗಿದ. ಅದೊಂದಕ್ಕೆ ಎಲ್ಲರೂ ನಕ್ಕರು. ಡಾಕ್ಟರು ನನ್ನ ಪಕ್ಕದಲ್ಲಿ ಅಂಗೈಯನ್ನು ಪ್ಯಾಂಟಿಗೆ ಉಜ್ಜಿಕೊಳ್ಳುತ್ತಿದ್ದರು.

ಆಗ ಮೇಕೆ ಬಂತು.

ಮೇಕೆ ಆ ಗೂಢಚಾರರಲ್ಲಿ ಪುಕ್ಕಲು, ಪೆದ್ದು. ಉಳಿದ ಮೂರು ಪ್ರಾಣಿಗಳ ಕೈಲಿ ಬೈಸಿಕೊಳ್ಳುವುದಕ್ಕೇ ಅದನ್ನು ಇಟ್ಟಿದ್ದರು. ಖದೀಮರ ಗೋದಾಮಿಗೆ ನುಗ್ಗಲು ಹೋಗಿ ಚೀಲದೊಳಗೆ ಸಿಕ್ಕಿಕೊಂಡು ಒದೆ ತಿಂದು ಹೊರಗೆ ಬಂದ ಅದು ಬಾಯಿ ತೆರೆದು, "ಅಲ್ಲ ಕಣಪ್ಪ, ನಂಗ್ಯಾಕೆ ವೇಕಿತ್ತು, ವುಡು ವುಡು!" ಎಂದಿತು.

ಯಾರೋ ಕೂಗಿದರು: "ಲೇ! ಬಿಳಿಗೆರೆ ಪುಟ್ಟಮ್ಮಜ್ಜಿ ಕಣ್ಲಾ!"

ಆಮೇಲೆ ಎದ್ದ ನಗು ನಿಲ್ಲಲಿಲ್ಲ. ಮೇಕೆ ಬಾಯಿ ತೆರೆದಾಗಲೆಲ್ಲ ಶಿಳ್ಳೆ, ಚಪ್ಪಾಳೆ. ಮೇಕೆ ಸಗಣಿ ಗುಂಡಿಗೆ ಬಿತ್ತು, ವುಡು ವುಡು. ನಾಯಿ ಅಟ್ಟಿಸಿಕೊಂಡು ಬಂತು, ವುಡು ವುಡು. ಮೇಕೆಗಿಂತ ಮೊದಲೇ ಜನ ಒಟ್ಟಾಗಿ ಕೂಗತೊಡಗಿದರು. ಆ ಸಿನಿಮಾ ಬೇರೆ ಯಾವ ಊರಲ್ಲೂ ನಗಿಸಲಿಲ್ಲವೆಂದು ಆಮೇಲೆ ತಿಳಿಯಿತು. ನಗಿಸಿದ್ದು ತಿಪಟೂರಿನಲ್ಲಿ ಮಾತ್ರ.

ಇಂಟರ್‌ವಲ್ಲಿಗೆ ದೀಪ ಹತ್ತಿತು. ಗಂಡಸರ ಕಡೆಯವರೆಲ್ಲ ಎದ್ದು ನಿಂತು ಹೆಂಗಸರ ಕಡೆ ಕತ್ತು ಹೊರಳಿಸಿದರು. ಪುಟ್ಟಮ್ಮಜ್ಜಿ ಅಷ್ಟು ಮುಖಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಸೆರಗಿನ ತುದಿಯನ್ನು ಎತ್ತಿ ಬಾಯಿಗೆ ಅಡ್ಡ ಹಿಡಿದಳು. ಅಜ್ಜಿ ಹಾಗೆ ಮಾಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಮೇಲೆ ಸೆರಗು ಇಳಿದದ್ದನ್ನು ಒಂದು ಸಲ ಬಿಟ್ಟು ಮತ್ತೆ ನೋಡಲಿಲ್ಲ.

ಹೊರಗೆ ಬಂದಾಗ ಡಾಕ್ಟರು ಅವಳ ಮುಂದೆ ನಿಂತರು. ಅಜ್ಜಿ ಸೆರಗಿನೊಳಗಿಂದಲೇ, "ಚೆನ್ನಾಗೈತೆ ಕಣಪ್ಪ" ಎಂದು ಹೇಳಿ ತಮ್ಮನ ಹಿಂದೆ ಹೊರಟುಹೋದಳು.

ಮುಂದಿನ ಸಂತೆಯಿಂದ ಹುಡುಗರು ವುಡು ವುಡು ಎನ್ನುತ್ತಾ ಅವಳ ಹಿಂದೆ ಬಿದ್ದರು. ಅಜ್ಜಿ ಆಸ್ಪತ್ರೆಗೆ ಬರುವುದು ನಿಂತಿತು. ಮೇಕೆಗೆ ಏನಾದರೂ ಆದರೆ ಪಕ್ಕದ ಮನೆಯವರ ಕೈಲಿ ಕಳಿಸುತ್ತಿದ್ದಳು. ಡಾಕ್ಟರು ಪ್ರಾಣಿಗಳ ಬಾಯಲ್ಲಿ ಮಾತಾಡಿಸುವುದನ್ನು ಅಂದೇ ನಿಲ್ಲಿಸಿದ್ದರು. ಜನ ಪೀಡಿಸುತ್ತಿದ್ದರು, "ಮಾತಾಡ್ಸಿ ಸ್ವಾಮಿ, ಈಗಂತೂ ನೀವು ಸಿನಿಮಾದೋರು" ಎಂದು. ಅವರು ಕನ್ನಡಕ ಒರೆಸಿಕೊಂಡು ಸೂಜಿ ಎತ್ತಿಕೊಳ್ಳುತ್ತಿದ್ದರು.

ಆ ವಾರದಲ್ಲೇ ಒಂದು ದಿನ ಚುಚ್ಚುಮದ್ದಿನ ಕೆಲಸಕ್ಕೆಂದು ನಾವಿಬ್ಬರೂ ಬಸ್ಸು ಹತ್ತಿದ್ದೆವು. ಹಿಂದಿನ ಸೀಟಿನಲ್ಲಿ ಕೂತಿದ್ದೆವು. ಬಸ್ ಸ್ಟ್ಯಾಂಡಿನಲ್ಲಿ ಪುಟ್ಟಮ್ಮಜ್ಜಿ ಹತ್ತಿದಳು. ನಮ್ಮನ್ನು ನೋಡಲಿಲ್ಲ. ಕಂಡಕ್ಟರು "ಎಲ್ಲಿಗಜ್ಜಿ?" ಎಂದ. ಅವಳು ಕೈ ಮುಂದೆ ಮಾಡಿ ತೋರಿಸಿದಳು.

"ಹಂಗ್ ಕೈ ತೋರ್ಸಿದ್ರೆ ಯಾವೂರು ಅಂತ ತಿಳ್ಕಳ್ಳಿ? ಊರ್ ಹೆಸ್ರು ಹೇಳಜ್ಜಿ."

"ಅದೇ ಕಣಪ್ಪ, ಮುಂದ್ಲೂರು."

"ಮುಂದಕ್ಕೆ ಹತ್ತೂರವೆ. ಯಾವ್ದು?"

ಅಜ್ಜಿ ಸುಮ್ಮನೆ ನಿಂತಳು. ಸೆರಗು ಬಾಯಿಗೆ ಒತ್ತಿಕೊಂಡಿತ್ತು. ಆಗ ನನಗೆ ಹೊಳೆಯಿತು. ಅವಳು ಹುಟ್ಟಿ ಬೆಳೆದ ಊರಿನ ಹೆಸರು ಶುರುವಾಗುವುದೇ ಬ ಅಕ್ಷರದಿಂದ. ಡಾಕ್ಟರಿಗೆ ನನಗಿಂತ ಮೊದಲೇ ಹೊಳೆದಿತ್ತು. ಅವರು ಎದ್ದು ನಿಂತು, "ಬಿಳಿಗೆರೆ ಕೊಡಪ್ಪ ಅವರಿಗೆ" ಎಂದರು. ಅಜ್ಜಿ ತಿರುಗಿ ಅವರನ್ನು ನೋಡಿದಳು, ಮತ್ತೆ ಮುಂದಕ್ಕೆ ಮುಖ ಮಾಡಿದಳು. ಇಳಿಯುವವರೆಗೂ ಹಿಂತಿರುಗಲಿಲ್ಲ.

ಮರುದಿನ ಬೆಳಿಗ್ಗೆ ಡಾಕ್ಟರು ನನ್ನನ್ನೂ ಕರೆದುಕೊಂಡು ಬಿಳಿಗೆರೆಗೆ ಹೋದರು. ಅಜ್ಜಿ ಜಗುಲಿಯ ಮೇಲೆ ಚಾಪೆ ಹಾಸಿ ಕೂರಿಸಿದಳು. ತಮ್ಮನಿಗೆ ಹೇಳಿ ಎಳನೀರು ಕೆಡವಿಸಿದಳು. ಡಾಕ್ಟರು ಎಳನೀರನ್ನು ಕೈಯಲ್ಲಿ ಹಿಡಿದೇ ಕೂತಿದ್ದರು. "ಅಜ್ಜಮ್ಮ... ನಾನು..." ಎಂದು ಶುರುಮಾಡಿ ನಿಲ್ಲಿಸಿದರು. ಮತ್ತೆ ಶುರುಮಾಡಿದರು. "ಆಸ್ಪತ್ರೇಲಿ ಹಾಗೆ ಮಾಡಿದಾಗ ನೀವೂ ನಗ್ತಿದ್ರಲ್ಲ, ಅದಕ್ಕೇ... ನಿಮಗೆ ಬೇಜಾರಿಲ್ಲ ಅಂದ್ಕೊಂಡೆ."

ಅಜ್ಜಿ ಮೇಕೆಗಳ ಕಡೆ ನೋಡುತ್ತಾ ಹೇಳಿದಳು: "ನಗ್ತಿದ್ದೆ ಕಣಪ್ಪ. ಮೇಕೆ ಹಂಗೆ ಮಾತಾಡ್ತೈತೆ ಅಂತ ನಗ್ತಿದ್ದೆ. ಅದು ನಾನು ಅಂತ ನಂಗೊತ್ತಿರ್ಲಿಲ್ಲ."

ನಮಗಿಬ್ಬರಿಗೂ ತಕ್ಷಣ ಅರ್ಥವಾಗಲಿಲ್ಲ.

"ನನ್ ಕಿವೀಗೆ ನನ್ ಮಾತು ಸರಿಯಾಗೇ ಕೇಳ್ತದೆ. ಲಕ್ವಾ ಹೊಡ್ದಾಗಿಂದ್ಲೂ ಹಂಗೇ ಕೇಳ್ತಿತ್ತು. ಮನೇಲಿ ಯಾರೂ ಒಂದ್ ಮಾತೂ ಅಂದಿರ್ಲಿಲ್ಲ. ಅವತ್ತು ಟಾಕೀಸ್ನಾಗೆ ಎಲ್ರೂ ಎದ್ ನಿಂತು ನನ್ ಕಡೆ ನೋಡುದ್ರಲ್ಲ, ಆಗ್ಲೇ ಗೊತ್ತಾಗಿದ್ದು."

ಡಾಕ್ಟರು ಎಳನೀರನ್ನು ಕೆಳಗಿಟ್ಟರು. ಕುಡಿಯದೆ ಎದ್ದರು. ದಾರಿಯುದ್ದಕ್ಕೂ ತೋಟಗಳ ನಡುವೆ ಅವರು ನನ್ನ ಮುಂದೆ ಮುಂದೆ ನಡೆದರು.

ಆ ಸಿನಿಮಾ ಬೇರೆ ಊರುಗಳಲ್ಲಿ ಕಿತ್ತುಹೋಗಿದ್ದರೂ ತಿಪಟೂರಿನಲ್ಲಿ ಎರಡನೆಯ ವಾರಕ್ಕೆ ಬಿದ್ದಿತ್ತು. ಡಾಕ್ಟರು ಟಾಕೀಸಿನ ಮ್ಯಾನೇಜರ್ ಹತ್ತಿರ ಹೋಗಿ ತೆಗೆದುಬಿಡಿ ಎಂದು ಕೇಳಿಕೊಂಡರು. "ಏನ್ ಸ್ವಾಮಿ ನೀವು! ನಿಮ್ ಮೇಕೆಯಿಂದ್ಲೇ ಓಡ್ತಿರೋದು" ಎಂದು ಆತ ನಕ್ಕ. ಹಾಗಾದರೆ ಇಂಟರ್‌ವಲ್ಲಿನಲ್ಲಿ ಜನರಿಗೆ ಎರಡು ಮಾತು ಹೇಳಲು ಬಿಡಿ ಎಂದರು. ಮ್ಯಾನೇಜರಿಗೆ ಅದು ಇನ್ನೂ ಖುಷಿ. ಮೇಕೆಗೆ ದನಿ ಕೊಟ್ಟವರೇ ಬಂದು ಮಾತಾಡುತ್ತಾರೆಂದು ಗೇಟಿನಲ್ಲಿ ಬೋರ್ಡು ಬರೆಸಿದ. ಟಾಕೀಸು ತುಂಬಿತು.

ಮೇಲಧಿಕಾರಿಯೆದುರು ಬೀರುವಿನ ಹಿಂದೆ ಅಡಗುತ್ತಿದ್ದ ಮನುಷ್ಯ ಅಂದು ಪರದೆಯ ಮುಂದೆ ಮೈಕು ಹಿಡಿದು ನಿಂತರು. "ಆ ಮೇಕೆಯ ದನಿ ನಂದು" ಎಂದರು. ಚಪ್ಪಾಳೆ ಬಿತ್ತು. "ದಯವಿಟ್ಟು ಚಪ್ಪಾಳೆ ಬೇಡ. ಅದು ಬಿಳಿಗೆರೆಯ ಒಬ್ಬ ತಾಯಿಯ ಮಾತು. ಲಕ್ವ ಹೊಡೆದು ಬಾಯಿ ವಾಲಿದೆ ಅವರಿಗೆ. ನಾನು ಅದನ್ನ ಅಣಕಿಸಿದೆ. ಅದು ದೊಡ್ಡ ತಪ್ಪು. ಸಂತೇಲಿ, ಬಸ್ಸಲ್ಲಿ ಅವರನ್ನ ಯಾರೂ ಹಾಗೆ ಕರೀಬೇಡಿ. ಕೈ ಮುಗೀತೀನಿ."

ಹೆಂಗಸರ ಕಡೆ ಒಬ್ಬಿಬ್ಬರು ಅಯ್ಯೋ ಎಂದದ್ದು ಕೇಳಿಸಿತು. ಆಯಿತು, ಹೇಳಬೇಕಾದ್ದು ಹೇಳಿದರು ಎಂದು ನಾನು ಉಸಿರುಬಿಡುವಷ್ಟರಲ್ಲಿ ಮುಂದಿನ ಸಾಲಿನಿಂದ ಒಬ್ಬ ಎದ್ದ. "ಡಾಕ್ಟ್ರೇ, ಅದ್ನೇ ಮೇಕೆ ದನೀಲಿ ಯೋಳ್ರೀ!"

ನಗು ಮತ್ತೆ ಭೋರ್ಗರೆಯಿತು. "ವುಡು ವುಡು" ಎಂದು ಎಲ್ಲರೂ ತಾಳ ಹಾಕಿದರು. ಡಾಕ್ಟರು ಮೈಕು ಇಟ್ಟು ಕೆಳಗಿಳಿದು ಬಂದರು.

ಆಮೇಲಿನ ಸಂತೆಯ ದಿನ ಪುಟ್ಟಮ್ಮಜ್ಜಿ ಆಸ್ಪತ್ರೆಗೆ ಬಂದಳು. ಮೇಕೆ ಇರಲಿಲ್ಲ, ಒಬ್ಬಳೇ. ಡಾಕ್ಟರು ಹಸುವಿನ ಗೊರಸು ತೊಳೆಯುತ್ತಿದ್ದರು. ಅಜ್ಜಿ ಸೀದಾ ಅವರ ಮುಂದೆ ಬಂದು ನಿಂತಳು.

"ಏನಪ್ಪ ಡಾಕ್ಟ್ರೆ, ಟಾಕೀಸ್ನಾಗೆ ನಿಂತ್ಕಂಡು ನನ್ ಸುದ್ದಿ ಮಾತಾಡ್ದಂತೆ?"

"ತಪ್ಪಾಯ್ತು ಅಂತ ಎಲ್ಲರ ಮುಂದೆ ಒಪ್ಕೊಂಡೆ ಅಜ್ಜಮ್ಮ."

"ಅದುವರ್ಗೂ ನಮ್ಮೂರೋರಿಗೆ, ಸಂತೆ ಹೈಕಳಿಗೆ ಗೊತ್ತಿತ್ತು. ನೆನ್ನೆ ತುರುವೇಕೆರೆಯಿಂದ ನನ್ ತಂಗಿ ಮಗ ವಂದವ್ನೆ. ದೊಡ್ಡಮ್ಮ, ಆ ಮೇಕೆ ನೀನಂತಲ್ಲ, ಡಾಕ್ಟ್ರೇ ಯೋಳುದ್ರಂತೆ ಅಂತ ಕೇಳ್ತಾನೆ. ಅವ್ನ ಎಂಡ್ರು ಮುಂದೆ ಕೇಳ್ತಾನೆ. ನೀನ್ ಒಪ್ಕಂಡೆ. ನಿನ್ ಎದೆ ಹಗುರಾಯ್ತು. ನಂಗೇನಾಯ್ತು?"

ಕೋಪದಲ್ಲಿ ಸೆರಗು ಜಾರಿತ್ತು. ಅದರ ಪರಿವೆ ಅವಳಿಗಿರಲಿಲ್ಲ. ಡಾಕ್ಟರು ಗೊರಸು ತೊಳೆದ ನೀರಿನ ಕೈಯನ್ನು ಹಾಗೇ ಇಟ್ಟುಕೊಂಡು, "ನಾನೇನ್ ಮಾಡ್ಲಿ ಹೇಳಿ ಅಜ್ಜಮ್ಮ" ಎಂದರು.

"ಏನೂ ಮಾಡ್ವೇಡ. ಸುಮ್ಕಿರು. ನನ್ ಪರವಾಗಿ ಯಾರ್ ಹತ್ರಾನೂ ವಾಯಿ ವುಡ್ವೇಡ. ಅಷ್ಟ್ ಮಾಡು ಸಾಕು."

ಹೇಳಿ ಮುಗಿಸಿದ ಮೇಲೆ ಅಜ್ಜಿಗೆ ಸುತ್ತ ಜನ ನಿಂತಿರುವುದು ಕಂಡಿತು. ಸೆರಗು ಎಳೆದುಕೊಂಡು ಹೊರಟುಹೋದಳು.

ಅವಳು ಕೇಳಿದ್ದನ್ನು ಅವರು ನಡೆಸಿಕೊಟ್ಟರು. ಅದು ಸುಲಭದ್ದಾಗಿರಲಿಲ್ಲ. ಯಾರೇ ಆ ಸಿನಿಮಾದ ಮಾತೆತ್ತಿದರೂ ಹೂಂ ಇಲ್ಲ, ಉಹೂಂ ಇಲ್ಲ. ಸಿನಿಮಾಕ್ಕೆ ಹೋಗಿ ಬಂದ ಮೇಲೆ ಡಾಕ್ಟರಿಗೆ ಕೊಬ್ಬು ಬಂದಿದೆ ಎಂದು ಜನ ಆಡಿಕೊಂಡರು. ಹೊಂಗೆ ಮರದ ಕೆಳಗೆ ಕೂರುವವರು ಇಲ್ಲವಾದರು. ಹೆಗಲು ಕಿತ್ತ ಎತ್ತು ಬಂದರೆ ಈಗ ಅವರೇ, ತಮ್ಮದೇ ದನಿಯಲ್ಲಿ ಹೇಳಬೇಕಿತ್ತು. ತೊದಲುತ್ತಾ, ಯಜಮಾನನ ಮುಖ ನೋಡದೆ, "ಗಾಡಿ... ಗಾಡಿ ಕಟ್ಟಬಾರದು" ಎನ್ನುತ್ತಿದ್ದರು. ಕೆಲವರು ಕೇಳಿದರು. ಕೆಲವರು ಮುನಿಸಿಕೊಂಡು ಮತ್ತೆ ಬರಲಿಲ್ಲ, ಅವರು ಹೆದರಿದ್ದ ಹಾಗೇ. ಬಿಳಿಗೆರೆಯ ಕಡೆ ಹೋದಾಗಲೆಲ್ಲ ಪುಟ್ಟಮ್ಮಜ್ಜಿಯ ಮನೆಯ ಮುಂದೆ ನಿಲ್ಲುತ್ತಿದ್ದರು. ಅಜ್ಜಿ ಮೇಕೆಗಳನ್ನು ಹಿಡಿದುಕೊಂಡು ಬರುತ್ತಿದ್ದಳು. ಇವರು ಕಣ್ಣು, ಕಿವಿ, ಗೊರಸು ನೋಡಿ, ಬೇಕಾದ ಔಷಧ ಕೊಟ್ಟು ಹೊರಡುತ್ತಿದ್ದರು. ಇಬ್ಬರೂ ಮಾತಾಡುತ್ತಿರಲಿಲ್ಲ. ಅದು ಕ್ಷಮೆಯೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಅವರಿಗೆ ತುರುವೇಕೆರೆಗೆ ವರ್ಗವಾಯಿತು. ಅಜ್ಜಿ ಸತ್ತಾಗ ಅಲ್ಲಿಂದ ಬಂದು, ತೋಟದ ಬೇಲಿಯ ಹತ್ತಿರ ಎಲ್ಲರಿಗಿಂತ ಹಿಂದೆ ನಿಂತಿದ್ದು, ಮಣ್ಣು ಹಾಕಿ ಹೋದರು.

ಕೊನೆಯ ಸಲ ನಾನು ಅವರನ್ನು ಕಂಡದ್ದು ಅವರ ನಿವೃತ್ತಿಯ ನಂತರ, ನನ್ನ ಮಗಳ ಮದುವೆಯ ಪತ್ರಿಕೆ ಕೊಡಲು ಚಿಕ್ಕನಾಯಕನಹಳ್ಳಿಗೆ ಹೋಗಿದ್ದಾಗ. ಮೊಮ್ಮಗಳೊಬ್ಬಳು ಕತೆ ಹೇಳು ಎಂದು ಅವರ ತೊಡೆಯ ಮೇಲೆ ಕೂತಿದ್ದಳು. ಅವರು ನರಿಯ ಕತೆ ಹೇಳುತ್ತಿದ್ದರು. ನರಿ ಹೀಗೆಂದಿತು, ಸಿಂಹ ಹಾಗೆಂದಿತು ಎಂದು ಒಂದೇ ದನಿಯಲ್ಲಿ, ಸುದ್ದಿ ಓದುವವರ ಹಾಗೆ. ಮಗು ಬೇಸತ್ತು ಅರ್ಧಕ್ಕೇ ಇಳಿದು ಓಡಿತು.

ನಾನು ತಡೆಯಲಾರದೆ ಹೇಳಿದೆ: "ಅಷ್ಟೊಂದು ಶಿಕ್ಷೆ ಯಾಕೆ ಸಾರ್ ಹಾಕ್ಕೊಂಡ್ರಿ? ನೀವು ಬೇಕು ಅಂತ ಮಾಡಿದ್ದಲ್ಲ. ಅಜ್ಜಿಗೆ ನೋವಾಗುತ್ತೆ ಅಂತ ನಿಮಗೆ ಗೊತ್ತಿರಲಿಲ್ಲ."

ಅವರು ಅಂಗಳದ ಕಡೆ ನೋಡುತ್ತಾ ಆ ಸಣ್ಣ ದನಿಯಲ್ಲಿ ಹೇಳಿದರು:

"ಟಾಕೀಸಲ್ಲಿ ಮೊದಲು ಯಾರೋ ಅಜ್ಜಿ ಹೆಸರು ಹಿಡಿದು ಕೂಗಿದ್ರಲ್ಲ ಕಾಂಪೌಂಡ್ರೇ. ಆಗಲೇ ನನಗೆ ಗೊತ್ತಾಯ್ತು, ಏನಾಗ್ತಿದೆ ಅಂತ. ಅವರು ಅಲ್ಲೇ ಕೂತಿದ್ದಾರೆ ಅನ್ನೋದೂ ಗೊತ್ತಿತ್ತು. ಆದ್ರೂ ಅಷ್ಟು ಜನ ನಕ್ಕಾಗ ನನಗೆ ಖುಷಿಯಾಯ್ತು. ಇನ್ನೊಂದು ಸಲ ನಗಲಿ ಅಂತ ಮೇಕೆ ಬರೋದನ್ನೇ ಕಾದೆ. ದೀಪ ಹತ್ತೋವರೆಗೂ ಕಾಯ್ತಾನೇ ಇದ್ದೆ."

ಹೇಳಿ ಮುಗಿಸಿ, ನನ್ನ ಕಾಫಿ ಲೋಟವನ್ನೂ ತಮ್ಮದನ್ನೂ ಎತ್ತಿಕೊಂಡು ಒಳಗೆ ಹೋದರು. ತಿರುಗಿ ಹೊರಗೆ ಬರಲು ಬಹಳ ಹೊತ್ತಾಯಿತು. ಪತ್ರಿಕೆಯನ್ನು ಜಗುಲಿಯ ಮೇಲಿಟ್ಟು ನಾನು ಕಾಯುತ್ತಾ ಕೂತಿದ್ದೆ.